ಹೆಸರಿಲ್ಲದ ಮುತ್ತಜ್ಜಿಯನ್ನು ಹುಡುಕುತ್ತ: ಅಡುಗೆಮನೆಯಿಂದ ರಾಷ್ಟ್ರೀಯ ಗ್ರಂಥಾಲಯಗಳವರೆಗೆ

(ಮಹಿಳಾ ವೇದಿಕೆಯ ಆನ್‌ಲೈನ್ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ನಾನು ಮಾತಾಡುತ್ತಿರುವುದು ಘೋಟಿಯಿಂದ.

ಘೋಟಿ ಎಂದರೆ ಎಲ್ಲಿ ಎಂದು ಕೆಲವರು ಕೇಳಬಹುದು. ಮುಂಬೈಯಿಂದ ನಾಸಿಕಕ್ಕೆ ರೈಲಿನಲ್ಲಿ ಬರುವಾಗ ಕಸಾರಾದಲ್ಲಿ ಗಾಡಿಗೆ ಹಿಂದಿನಿಂದ ಇನ್ನೊಂದು ಎಂಜಿನ್ ಜೋಡಿಸುತ್ತಾರಲ್ಲ, ಆ ಘಟ್ಟ ಹತ್ತಿ ಮುಗಿಸಿದರೆ ಇಗತಪುರಿ. ಅದರ ಮುಂದಿನ ಸ್ಟೇಷನ್ನೇ ನಮ್ಮ ಘೋಟಿ. ಅಕ್ಕಿ ಗಿರಣಿಗಳ ಊರು, ಮಳೆಯ ಊರು. ಯಜಮಾನರ ಕೆಲಸದ ನಿಮಿತ್ತ ಹುಬ್ಬಳ್ಳಿಯಿಂದ ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿತು. ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಕನ್ನಡ ಪುಸ್ತಕ ಬೇಕೆಂದರೆ ತವರಿಗೆ ಹೋದಾಗ ಚೀಲದಲ್ಲಿ ತುಂಬಿಕೊಂಡು ಬರಬೇಕು. ಇಂಥ ಊರಿನಲ್ಲಿ ಕುಳಿತವಳಿಗೆ ‘ರಾಷ್ಟ್ರೀಯ ಗ್ರಂಥಾಲಯಗಳ ಡಿಜಿಟಲ್ ಸಂಗ್ರಹ’ ಎಂಬ ವಿಷಯ ಕೊಟ್ಟು ಮಾತಾಡು ಎಂದಿದ್ದೀರಿ. ನಾನು ಇತಿಹಾಸ ಓದಿದವಳಲ್ಲ, ಗ್ರಂಥಪಾಲಕಿಯೂ ಅಲ್ಲ. ನಾಲ್ಕೈದು ವರ್ಷಗಳಿಂದ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಮೊಬೈಲಿನಲ್ಲಿ, ಆಮೇಲೆ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತ ಕುಳಿತವಳು. ಆ ಹುಡುಕಾಟದ ಕಥೆ ಹೇಳುತ್ತೇನೆ. ನಿಮಗೆ ಬೇಕಾದ ದಾರಿ ಅದರಲ್ಲೇ ಸಿಕ್ಕೀತು.

ನನ್ನ ತಾಯಿಯ ತಾಯಿ, ನಮ್ಮಜ್ಜಿ, ರಾತ್ರಿ ಮಲಗುವಾಗ ಒಂದು ಮಾತನ್ನು ಎಷ್ಟೋ ಸಲ ಹೇಳುತ್ತಿದ್ದಳು. ‘ಪ್ಲೇಗು ಬಂದಾಗ ಊರಿಗೆ ಊರ ಖಾಲಿ ಆಗಿತ್ತವ್ವಾ. ಎಲ್ಲಾರೂ ಹೊಲದಾಗ ಜೋಪಡಿ ಹಾಕ್ಕೊಂಡಿದ್ರು. ನಮ್ಮವ್ವನ ಅವ್ವ ಅಲ್ಲೇ ಜೋಪಡ್ಯಾಗ ಹೋದ್ಲು. ನಮ್ಮವ್ವ ಇನ್ನೂ ಐದು ವರ್ಷದಾಕಿ.’ ಅಷ್ಟೇ. ಆ ಹೆಣ್ಣುಮಗಳು ನನಗೆ ಅಜ್ಜಿಯ ಅಜ್ಜಿ. ನಾನು ಸುಲಭಕ್ಕೆ ಮುತ್ತಜ್ಜಿ ಎನ್ನುತ್ತೇನೆ. ಆಕೆಯ ಹೆಸರೇನು ಎಂದು ನಾವು ಯಾರೂ ಕೇಳಲಿಲ್ಲ. ಕೇಳಬೇಕು ಎನ್ನುವ ಬುದ್ಧಿ ಬರುವ ಹೊತ್ತಿಗೆ ಅಜ್ಜಿಯೂ ಇಲ್ಲ, ಅವ್ವನೂ ಇಲ್ಲ.

2020ರ ಲಾಕ್‌ಡೌನ್ ನೆನಪಿದೆಯಲ್ಲ? ಆಗ ಟಿವಿಯಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಜಾರಿ ಮಾಡಿದ್ದಾರೆ ಎಂದು ಪದೇ ಪದೇ ಹೇಳುತ್ತಿದ್ದರು. ಇಷ್ಟು ಹಳೆಯ ಕಾಯ್ದೆ ಯಾಕೆ ಎಂದು ಮಗಳನ್ನು ಕೇಳಿದೆ. ‘ಅಮ್ಮಾ, ಅದು ಪ್ಲೇಗಿನ ಕಾಲದಲ್ಲಿ ಮಾಡಿದ ಕಾಯ್ದೆ’ ಅಂದಳು. 1896ರ ಸೆಪ್ಟೆಂಬರಿನಲ್ಲಿ ಮುಂಬೈಯಲ್ಲಿ ಪ್ಲೇಗು ಕಾಣಿಸಿಕೊಂಡಿತು. 1897ರ ಫೆಬ್ರವರಿಯಲ್ಲಿ ಈ ಕಾಯ್ದೆ ಬಂತು. ಅದೇ ವರ್ಷ ಮಾರ್ಚ್ 10ರಂದು ಪುಣೆಯಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಕೇಳುತ್ತ ಕೇಳುತ್ತ ನನಗೆ ಅಜ್ಜಿಯ ಜೋಪಡಿಯ ಮಾತು ನೆನಪಾಯಿತು. ಆ ಸಂಜೆಯೇ ‘ಹುಬ್ಬಳ್ಳಿ ಪ್ಲೇಗು’ ಎಂದು ಹುಡುಕಿದೆ. ಕನ್ನಡದಲ್ಲಿ ಹೆಚ್ಚೇನೂ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಹುಬ್ಳಿ ಎಂದು ಹಳೆಯ ಕಾಗುಣಿತದಲ್ಲಿ ಹಾಕಿದಾಗ ಬಾಗಿಲು ತೆರೆಯಿತು. ಆ ಬಾಗಿಲು ಎಲ್ಲಿಯದು ಅಂತೀರಿ? ಸ್ಕಾಟ್ಲೆಂಡಿನ ಎಡಿನ್‌ಬರೋದ್ದು!

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಬ್ರಿಟಿಷ್ ಭಾರತದ ಸರ್ಕಾರಿ ವರದಿಗಳ ದೊಡ್ಡ ಸಂಗ್ರಹವಿದೆ. ಅದರಲ್ಲಿ ರೋಗ, ಔಷಧ, ಆಸ್ಪತ್ರೆಗಳಿಗೆ ಸಂಬಂಧಿಸಿದ್ದನ್ನು ಸ್ಕ್ಯಾನ್ ಮಾಡಿ ‘ಬ್ರಿಟಿಷ್ ಭಾರತದ ವೈದ್ಯಕೀಯ ಇತಿಹಾಸ’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ. ಸಿಡುಬಿನ ಲಸಿಕೆಯ ವಾರ್ಷಿಕ ವರದಿಗಳು, ಪ್ಲೇಗು, ಕಾಲರಾ, ಕುಷ್ಠ, ಹುಚ್ಚಾಸ್ಪತ್ರೆ, ಜಾನುವಾರು ರೋಗ, ಕೊನೆಗೆ 1893–94ರ ಗಾಂಜಾ ವಿಚಾರಣಾ ಆಯೋಗದ ಸಂಪುಟಗಳವರೆಗೆ ಅಲ್ಲಿವೆ. ಪುಟದ ಚಿತ್ರವೂ ಕಾಣುತ್ತದೆ, ಅದರ ಅಕ್ಷರರೂಪವೂ ಸಿಗುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಊರಿನ ಹೆಸರು ಹಾಕಿದರೆ ಪುಟಗಳನ್ನೇ ತಂದು ಮುಂದಿಡುತ್ತದೆ. ಚಂದಾ ಕೊಡಬೇಕಿಲ್ಲ, ಯಾರ ಶಿಫಾರಸು ಪತ್ರವೂ ಬೇಕಿಲ್ಲ, ‘ನೀವು ಯಾರು, ಯಾವ ವಿಶ್ವವಿದ್ಯಾಲಯ’ ಎಂದು ಕೇಳುವವರೂ ಇಲ್ಲ. ಘೋಟಿಯ ಗೃಹಿಣಿಗೂ ಅಲ್ಲಿನ ಪ್ರೊಫೆಸರರಿಗೂ ಒಂದೇ ಬಾಗಿಲು. ಈ ಮಾತು ನನಗೆ ಇವತ್ತಿಗೂ ಆಶ್ಚರ್ಯ.

ಅಲ್ಲಿಂದ ಒಂದು ವರದಿ ಇನ್ನೊಂದರ ಹೆಸರು ಹೇಳಿತು, ಅದು ಮತ್ತೊಂದರದ್ದು. ಕೆಲವು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಕ್ಕವು. ಓದುತ್ತ ಹೋದಂತೆ ತಿಳಿದದ್ದು ಇಷ್ಟು. ನಮ್ಮ ಹುಬ್ಬಳ್ಳಿ ಆ ಕಾಲದ ಪ್ಲೇಗಿನ ಇತಿಹಾಸದಲ್ಲಿ ಸಣ್ಣ ಹೆಸರಲ್ಲ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ, 1898ರಲ್ಲಿ, ಹುಬ್ಬಳ್ಳಿಯಲ್ಲಿ ರೋಗ ಹಬ್ಬಿದಾಗ ಅಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಆ ಸೂಜಿ ಹಾಕಿದರು. ಲಸಿಕೆ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬ ವಾದಕ್ಕೆ ಲೋಕವೆಲ್ಲ ತೋರಿಸಿದ ಊರುಗಳಲ್ಲಿ ಹುಬ್ಬಳ್ಳಿ ಒಂದು. ಆಲಿಸ್ ಕೊರ್ಥೋರ್ನ್ ಎಂಬ ವೈದ್ಯೆ ನಮ್ಮ ಧಾರವಾಡ ಸೀಮೆಯಲ್ಲಿ ಪ್ಲೇಗಿನ ಕೆಲಸ ಮಾಡಿದ್ದಳು. ಸರ್ಕಾರ ನೇಮಿಸಿದ ಪ್ಲೇಗು ಆಯೋಗಕ್ಕೆ ಅಧ್ಯಕ್ಷರಾಗಿ ಬಂದ ಫ್ರೇಸರ್ ಅವರು ಎಡಿನ್‌ಬರೋದ ಪ್ರೊಫೆಸರರೇ.

ಇಷ್ಟೆಲ್ಲ ಸಿಕ್ಕಿತು. ನನ್ನ ಮುತ್ತಜ್ಜಿ ಸಿಗಲಿಲ್ಲ.

ವರದಿಗಳಲ್ಲಿ ಕೋಷ್ಟಕಗಳಿವೆ. ಊರು, ಜನಸಂಖ್ಯೆ, ರೋಗ ತಗುಲಿದವರು, ಸತ್ತವರು, ಸೂಜಿ ಹಾಕಿಸಿಕೊಂಡವರು, ಹಾಕಿಸಿಕೊಳ್ಳದವರು. ವೈದ್ಯಾಧಿಕಾರಿಗಳ ಹೆಸರಿದೆ, ಅವರ ಪದವಿಗಳಿವೆ, ಹುದ್ದೆಗಳಿವೆ. ಜೋಪಡಿಯಲ್ಲಿ ಜೀವ ಬಿಟ್ಟ ಹೆಣ್ಣುಮಗಳು ಆ ಕೋಷ್ಟಕದ ಒಂದು ಸಾಲಿನಲ್ಲಿ ‘ಒಂದು’ ಆಗಿ ಕೂಡಿಕೊಂಡಿದ್ದಾಳೆ. ಆಕೆ ಸೂಜಿ ಹಾಕಿಸಿಕೊಂಡಿದ್ದಳೋ? ಹೆದರಿ ಹಿತ್ತಲಲ್ಲಿ ಅಡಗಿದ್ದಳೋ? ಮಗಳನ್ನು ಯಾರ ಮಡಿಲಲ್ಲಿ ಹಾಕಿ ಹೋದಳೋ? ಯಾವ ಪುಟವೂ ಹೇಳುವುದಿಲ್ಲ. ಒಂದು ಮಧ್ಯಾಹ್ನ ಆ ಅಂಕಿಗಳ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಒಲೆಯ ಮೇಲಿಟ್ಟ ಹಾಲು ಉಕ್ಕಿಹೋದದ್ದೂ ಗೊತ್ತಾಗಲಿಲ್ಲ.

ಈ ವರದಿಗಳನ್ನು ಓದುವಾಗ ಎಚ್ಚರವೂ ಬೇಕು. ಇವು ಆಳುವವರು ಬರೆದ ಕಾಗದಗಳು. ‘ಜನ ರೋಗಿಗಳನ್ನು ಬಚ್ಚಿಡುತ್ತಾರೆ, ತಿಳುವಳಿಕೆ ಇಲ್ಲ’ ಎಂಬ ಧಾಟಿ ಅಲ್ಲಲ್ಲಿ ಎದುರಾಗುತ್ತದೆ. ಆದರೆ ಆ ಬಾಗಿಲಿನ ಒಳಗೆ ನಿಂತವರ ಕಡೆಯಿಂದ ಯೋಚಿಸಿ ನೋಡಿ. ಪರಪುರುಷರು, ಅದರಲ್ಲೂ ಸೋಜರು, ಮನೆ ಹೊಕ್ಕು ಹುಡುಕುತ್ತಾರೆ. ರೈಲು ಸ್ಟೇಷನ್ನಿನಲ್ಲಿ ಹೆಂಗಸರನ್ನೂ ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಕರೆದುಕೊಂಡು ಹೋದ ರೋಗಿ ತಿರುಗಿ ಬರುವ ಖಾತ್ರಿ ಇಲ್ಲ. ಪುಣೆಯಲ್ಲಿ ಇದೇ ಸಿಟ್ಟು ಬೆಳೆದು 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರುವವರೆಗೆ ಹೋಯಿತು. ಬಚ್ಚಿಟ್ಟ ತಾಯಿ ದಡ್ಡಿಯಲ್ಲ, ಹೆದರಿದವಳು. ವರದಿಯ ಸಾಲು ಓದಬೇಕು, ಸಾಲುಗಳ ನಡುವಿನ ಮನೆಯನ್ನೂ ನೋಡಬೇಕು. ಮನೆ ನಡೆಸಿದ ನಮಗೆ ಅದು ಸ್ವಲ್ಪ ಚೆನ್ನಾಗಿ ಕಾಣುತ್ತದೆ ಎಂದು ನನ್ನ ನಂಬಿಕೆ.

ಇನ್ನು ಎರಡನೆಯ ಬಾಗಿಲು, ಗ್ಯಾಜೆಟಿಯರ್. ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಸೀಮೆಯೆಲ್ಲ ಆಗ ಮುಂಬೈ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯ ಸೇರಿದವು. ಜೇಮ್ಸ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿ ಮುಂಬೈ ಪ್ರಾಂತದ ಜಿಲ್ಲೆಗಳ ಬಗ್ಗೆ ದಪ್ಪ ದಪ್ಪ ಸಂಪುಟಗಳನ್ನು ಸಂಪಾದಿಸಿದ. ಅದರಲ್ಲಿ 16ನೆಯದು ನಾಸಿಕ, 1883ರದ್ದು. 22ನೆಯದು ಧಾರವಾಡ, 1884ರದ್ದು. ಎರಡನ್ನೂ ಆನ್‌ಲೈನ್‌ನಲ್ಲಿ ಓದಬಹುದು. ನನ್ನ ತವರೂ ಗಂಡನ ಮನೆಯೂ ಒಂದೇ ಮಾಲೆಯ ಪುಸ್ತಕಗಳು! ಮದುವೆಯಾಗಿ ದೂರ ಬಂದೆ ಎಂದು ಎಷ್ಟು ಅತ್ತಿದ್ದೆ. ಆದರೆ ನೂರು ವರ್ಷದ ಹಿಂದೆ ಇವೆರಡೂ ಒಂದೇ ಕಪಾಟಿನಲ್ಲಿದ್ದವು.

ಆ ಸಂಪುಟಗಳಲ್ಲಿ ಬೆಳೆ, ಮಳೆ, ಸಾಲ, ವ್ಯಾಪಾರ, ಕಂದಾಯ, ಶಾಲೆ, ಆರೋಗ್ಯ, ಒಂದೊಂದು ಊರಿನ ವಿವರ ಎಲ್ಲ ಇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಜನಸಂಖ್ಯೆಯ ಅಧ್ಯಾಯ. ಒಂದೊಂದು ಸಮುದಾಯದವರು ಏನು ಉಣ್ಣುತ್ತಾರೆ, ಹೆಂಗಸರು ಸೀರೆ ಹೇಗೆ ಉಡುತ್ತಾರೆ, ಯಾವ ಆಭರಣ, ಬಾಣಂತನ ಹೇಗೆ, ಮದುವೆ ಹೇಗೆ ಎಂದು ಬರೆದಿದ್ದಾರೆ. ಜತೆಗೆ ಆ ಜನರಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಇಡುವ ಹೆಸರುಗಳು ಯಾವುವು, ಹೆಂಗಸರಿಗೆ ಇಡುವ ಹೆಸರುಗಳು ಯಾವುವು ಎಂದೂ ಕೊಟ್ಟಿದ್ದಾರೆ. ಜಾತಿಗಳ ಬಗ್ಗೆ ಅವರು ಕೊಟ್ಟ ತೀರ್ಪುಗಳನ್ನು ನಾವು ಒಪ್ಪಬೇಕಿಲ್ಲ. ಎಷ್ಟೋ ಕಡೆ ಓದಿದರೆ ಮೈ ಉರಿಯುತ್ತದೆ. ಆದರೆ ಆ ಹೆಸರುಗಳು! ಬಸವ್ವ, ಗಂಗವ್ವ, ನೀಲವ್ವ, ಈರವ್ವ ಎಂಬಂಥ ಹೆಸರುಗಳನ್ನು ನೋಡಿ ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತಂತಾಯಿತು.

ಹುಬ್ಬಳ್ಳಿಯಲ್ಲಿ ನನ್ನ ಚಿಗವ್ವ ಇದ್ದಾಳೆ, ಎಂಬತ್ತಮೂರು ವರ್ಷ. ಫೋನ್ ಮಾಡಿದೆ. ‘ಚಿಗವ್ವ, ನಾ ಒಂದೊಂದ ಹೆಸರು ಓದತೀನಿ, ನಮ್ಮ ಮನೆತನದಾಗ ಆ ಹೆಸರಿನಾಕಿ ಯಾರರೆ ಇದ್ರೇನು ಹೇಳು’ ಅಂದೆ. ಆಕೆಗೆ ಮೊದಲು ನಗು. ‘ಯಾಕವ್ವಾ, ಮೊಮ್ಮಗಳಿಗೆ ಹೆಸರು ಹುಡಕಾಕ ಹತ್ತೀ ಏನು?’ ಅಂದಳು. ನಾನು ಓದುತ್ತ ಹೋದೆ. ಮೂರನೆಯ ಹೆಸರಿಗೆ ಆಕೆ ‘ತಡಿ’ ಅಂದಳು. ಅದು ಅಜ್ಜಿಯ ಸೋದರತ್ತೆಯ ಹೆಸರಂತೆ. ರೊಟ್ಟಿ ಬಡಿಯುವುದರಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲವಂತೆ. ಇನ್ನೊಂದು ಹೆಸರಿಗೆ ಬಾವಿಗೆ ಬಿದ್ದು ಸತ್ತ ಒಬ್ಬಳ ಕಥೆ ಬಂತು. ಮತ್ತೊಂದಕ್ಕೆ ಹತ್ತಿ ಬಿಡಿಸುವ ಕೂಲಿಯಿಂದಲೇ ಮೂರು ಮಕ್ಕಳನ್ನು ಸಾಕಿದವಳ ಕಥೆ. ನಾನು ಒಂದು ನೋಟ್‌ಬುಕ್ ತೆಗೆದುಕೊಂಡು ಬರೆಯತೊಡಗಿದೆ. ಒಂದು ವಾರ ದಿನಾ ಮಧ್ಯಾಹ್ನ ನಮ್ಮ ಮಾತು ನಡೆಯಿತು. ಕೊನೆಗೆ ಹನ್ನೊಂದು ಹೆಂಗಸರ ಹೆಸರು ಸಿಕ್ಕವು. ಹನ್ನೊಂದೂ ನಮ್ಮ ಮನೆತನದ ಯಾವ ವಂಶಾವಳಿಯಲ್ಲೂ ಇಲ್ಲ. ವಂಶಾವಳಿಯಲ್ಲಿ ಇರುವವರು ಗಂಡಸರು ಮಾತ್ರ.

ಪ್ಲೇಗಿನಲ್ಲಿ ಹೋದ ಮುತ್ತಜ್ಜಿಯ ಹೆಸರು? ಚಿಗವ್ವ ಬಹಳ ಹೊತ್ತು ಸುಮ್ಮನಿದ್ದಳು. ‘ಆಕಿಗೆ ಎರಡು ಹೆಸರಿದ್ವಂತ. ತವರಾಗೊಂದು, ಮದಿವ್ಯಾಗಿಂದೊಂದು. ನಮ್ಮವ್ವಗೂ ಖರೇವಂದ್ರ ಗೊತ್ತಿರಲಿಲ್ಲ ಕಾಣ್ತೈತಿ’ ಅಂದಳು. ನಮ್ಮ ಕಡೆ ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ನಿಮಗೆ ಗೊತ್ತೇ ಇದೆ. ಎರಡು ಹೆಸರಿದ್ದವಳು ಕೊನೆಗೆ ಒಂದೂ ಇಲ್ಲದವಳಾದಳು. ನೋಟ್‌ಬುಕ್ಕಿನ ಮೊದಲ ಸಾಲನ್ನು ನಾನು ಆಕೆಗಾಗಿ ಖಾಲಿ ಬಿಟ್ಟಿದ್ದೇನೆ. ಎದುರಿಗೆ ‘1898, ಜೋಪಡಿ, ಐದು ವರ್ಷದ ಮಗಳು’ ಎಂದಷ್ಟೇ ಬರೆದಿದೆ.

ನಮ್ಮ ಮನೆಯ ಹಿಂದೆ ಹೋಗುವ ರೈಲಿನ ಕಥೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಕಸಾರಾದಿಂದ ಇಗತಪುರಿಗೆ ಹತ್ತುವ ಥಲ್ ಘಾಟಿನ ರೈಲು ದಾರಿ 1865ರಲ್ಲಿ ತೆರೆಯಿತು. ಮೂವತ್ತೇಳು ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದಾದ ಹಾದಿ. ಅದಕ್ಕೂ ಎರಡು ವರ್ಷ ಮೊದಲು ಪುಣೆಯ ಕಡೆಯ ಭೋರ್ ಘಾಟು ಮುಗಿದಿತ್ತು. ಭೋರ್ ಘಾಟಿನ ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಭಾರತಕ್ಕೆ ಬಂದ ಸ್ವಲ್ಪ ದಿನದಲ್ಲೇ ತೀರಿಕೊಂಡ. ಆಗ ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಕೈಬಿಡಲಿಲ್ಲ. ಇಬ್ಬರು ಎಂಜಿನಿಯರುಗಳನ್ನು ಇಟ್ಟುಕೊಂಡು ಕೆಲಸ ಮುಗಿಸಿಸಿದಳು. ಕಾಮಗಾರಿಯ ಫೋಟೋಗಳನ್ನೂ ತೆಗೆದಳು. ಆ ಆಲ್ಬಮ್ಮು ಇವತ್ತಿಗೂ ಉಳಿದಿದೆ. ಗುತ್ತಿಗೆಯ ಕಾಗದದಲ್ಲಿ ಹೆಸರು ಬಂತು, ಫೋಟೋ ಇತ್ತು, ಆದ್ದರಿಂದ ಆಲಿಸ್ ಉಳಿದಳು. ಅದೇ ಘಟ್ಟದಲ್ಲಿ ಬುಟ್ಟಿ ಹೊತ್ತು ಕಲ್ಲು ಮಣ್ಣು ಸಾಗಿಸಿದ ನಮ್ಮ ಹೆಣ್ಣುಮಕ್ಕಳು ಎಷ್ಟೋ. ಅವರು ‘ಕೂಲಿಗಳು’ ಎಂಬ ಒಂದೇ ಮಾತಿನೊಳಗೆ ಸೇರಿಹೋದರು. ಕಾಗದದ ಮೇಲೆ ಬಂದವರು ಉಳಿಯುತ್ತಾರೆ. ಇಷ್ಟು ಸರಳ, ಇಷ್ಟು ಕಠಿಣ.

ಈಗ ನಮ್ಮದೇ ದೇಶದ ರಾಷ್ಟ್ರೀಯ ಗ್ರಂಥಾಲಯದ ಮಾತು. ಕೋಲ್ಕತ್ತದ ಬೆಲ್ವೆಡೇರ್ ಬಂಗಲೆಯ ಗ್ರಂಥಾಲಯ 1953ರ ಫೆಬ್ರವರಿ 1ರಂದು ಸಾರ್ವಜನಿಕರಿಗೆ ತೆರೆಯಿತು. ಸ್ವತಂತ್ರ ಭಾರತದಲ್ಲಿ ಅದನ್ನು ಕಟ್ಟಿ ಬೆಳೆಸಿದ ಮೊದಲ ಗ್ರಂಥಪಾಲಕರು ಬಿ. ಎಸ್. ಕೇಶವನ್, ಅಂದರೆ ಬಳ್ಳಾರಿ ಶಾಮಣ್ಣ ಕೇಶವನ್. ಹೆಸರಿನಲ್ಲೇ ನಮ್ಮ ಬಳ್ಳಾರಿ! ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಭಾರತದ ಮುದ್ರಣದ ಇತಿಹಾಸ ಬರೆದು, ಅದರ ಒಂದು ಸಂಪುಟದಲ್ಲಿ ಕರ್ನಾಟಕದ ಮುದ್ರಣಕ್ಕೂ ಜಾಗ ಕೊಟ್ಟರು. 1954ರ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು ಈ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಕಳುಹಿಸಬೇಕು. ಕನ್ನಡದ ಪುಸ್ತಕಕ್ಕೂ ಇದೇ ನಿಯಮ.

ಹಳೆಯ ಅಪರೂಪದ ಪುಸ್ತಕ, ಚಿತ್ರಗಳಿಗೆ ಕೇಂದ್ರ ಸಂಸ್ಕೃತಿ ಇಲಾಖೆಯ ‘ಇಂಡಿಯನ್ ಕಲ್ಚರ್’ ಪೋರ್ಟಲ್ ಇದೆ. ರಾಷ್ಟ್ರೀಯ ಅಭಿಲೇಖಾಗಾರದ ಕಡತಗಳಿಗೆ ‘ಅಭಿಲೇಖ್ ಪಟಲ್’ ಇದೆ. ಬರೀ ಕನ್ನಡ ಬೇಕೆನ್ನುವವರಿಗೆ ಕಿಟ್ಟೆಲರ 1894ರ ನಿಘಂಟು, ಬಿ. ಎಲ್. ರೈಸರ ಶಾಸನ ಸಂಪುಟಗಳು ಮನೆಯಲ್ಲೇ ಸಿಗುತ್ತವೆ. ಅಜ್ಜಿ ಆಡುತ್ತಿದ್ದ, ಈಗ ಯಾರೂ ಆಡದ ಒಂದು ಮಾತನ್ನು ಕಿಟ್ಟೆಲರಲ್ಲಿ ಹುಡುಕಿ ನೋಡಿ. ಸಿಕ್ಕಾಗ ಆಗುವ ಸಂತೋಷ ಹೇಳತೀರದು.

ಹುಡುಕಲು ಹೊರಡುವವರಿಗೆ ನನ್ನ ಅನುಭವದ ನಾಲ್ಕು ಮಾತು.

ಮೊದಲನೆಯದು, ಊರಿನ ಹಳೆಯ ಕಾಗುಣಿತ ಹಾಕಿ. ಧಾರವಾಡಕ್ಕೆ ಧಾರ್ವಾರ್, ಬೆಳಗಾವಿಗೆ ಬೆಲ್ಗಾಂ, ಉತ್ತರ ಕನ್ನಡಕ್ಕೆ ಕೆನರಾ, ಮಡಿಕೇರಿಗೆ ಮರ್ಕಾರ, ಕೊಡಗಿಗೆ ಕೂರ್ಗ್. ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ರೀತಿ ಬರೆದು ನೋಡಿ.

ಎರಡನೆಯದು, ಹುಡುಕುವ ಪೆಟ್ಟಿಗೆಯನ್ನೇ ಪೂರ್ತಿ ನಂಬಬೇಡಿ. ಯಂತ್ರ ಹಳೆಯ ಅಚ್ಚನ್ನು ಓದುವಾಗ ತಪ್ಪುತ್ತದೆ. ಕನ್ನಡ, ಮರಾಠಿ ಅಕ್ಷರಗಳಲ್ಲಂತೂ ಇನ್ನೂ ಹೆಚ್ಚು ಎಡವುತ್ತದೆ. ಪರಿವಿಡಿ ತೆರೆದು ಪುಟ ತಿರುವಿ. ನನಗೆ ಬೇಕಾದದ್ದು ಎಷ್ಟೋ ಸಲ ಹುಡುಕಿದ ಪುಟದಲ್ಲಿರದೆ ಅದರ ಮುಂದಿನ ಪುಟದಲ್ಲಿತ್ತು.

ಮೂರನೆಯದು, ಸಿಕ್ಕಿದ ಕೂಡಲೇ ಪುಸ್ತಕದ ಹೆಸರು, ವರ್ಷ, ಪುಟ ಸಂಖ್ಯೆ, ಕೊಂಡಿ, ನಾಲ್ಕನ್ನೂ ಬರೆದಿಡಿ. ಬರೀ ಸ್ಕ್ರೀನ್‌ಶಾಟ್ ತೆಗೆದಿಟ್ಟು ನಾನು ಎಷ್ಟೋ ಪುಟಗಳನ್ನು ಮತ್ತೆ ಕಾಣದಂತೆ ಕಳೆದುಕೊಂಡಿದ್ದೇನೆ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಅವು ಎಲ್ಲಿ ಹೋದವೋ!

ನಾಲ್ಕನೆಯದು, ಇಂಗ್ಲಿಷಿಗೆ ಹೆದರಬೇಡಿ. ಮೊಬೈಲಿನ ಕ್ಯಾಮೆರಾ ಹಿಡಿದರೆ ಅನುವಾದ ಮಾಡುವ ಸೌಕರ್ಯ ಈಗಿದೆ. ಅನುವಾದ ಅಲ್ಲಲ್ಲಿ ನಗು ಬರಿಸುತ್ತದೆ, ಆದರೂ ದಾರಿ ತೋರಿಸುತ್ತದೆ. ಉಳಿದದ್ದನ್ನು ಮಕ್ಕಳ ಕೈಲಿ ಓದಿಸಿ. ನನ್ನ ಮಗಳಿಗೆ ಹುಬ್ಬಳ್ಳಿ ಎಂದರೆ ರಜೆಯ ಊರು ಮಾತ್ರ ಆಗಿತ್ತು. ಪ್ಲೇಗಿನ ಪುಟಗಳನ್ನು ನನಗೆ ಓದಿ ಹೇಳುತ್ತ ಹೇಳುತ್ತ ಅದು ಅವಳ ಊರೂ ಆಯಿತು.

ಕೊನೆಯದಾಗಿ ವೇದಿಕೆಗೆ ಒಂದು ವಿನಂತಿ. ಯಾವ ದೇಶದ ಗ್ರಂಥಾಲಯವೂ ನಮ್ಮ ಮುತ್ತಜ್ಜಿಯರ ಹೆಸರನ್ನು ನಮಗೆ ತಂದು ಕೊಡುವುದಿಲ್ಲ. ಅಲ್ಲಿ ಸಿಗುವುದು ಅವರು ಬದುಕಿದ ಕಾಲ, ಅವರು ಉಂಡ ಜೋಳ, ಅವರು ಕಂಡ ಭಯ. ಹೆಸರು ಇರುವುದು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿರುವ ಎಂಬತ್ತರ ಗಡಿಯ ಹಿರಿಯರ ನಾಲಿಗೆಯ ಮೇಲೆ. ಮುಂದಿನ ಕೂಟಕ್ಕೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ತಾಯಿ, ತಾಯಿಯ ತಾಯಿ, ಆಕೆಯ ತಾಯಿ, ಹೀಗೆ ಎಷ್ಟು ತಲೆ ಸಿಗುತ್ತದೋ ಅಷ್ಟು ಹೆಸರು ಬರೆದು ತನ್ನಿ. ತವರಿನ ಹೆಸರು, ಮದುವೆಯ ಹೆಸರು ಎರಡನ್ನೂ ಬರೆಯಿರಿ. ಅವನ್ನು ನಮ್ಮ ಸ್ಮರಣ ಸಂಚಿಕೆಯಲ್ಲಿ ಹಾಕೋಣ. ಸಂಚಿಕೆ ಇ-ರೂಪದಲ್ಲಿ ಇರಲಿ, ಆದರೆ ಕೆಲವು ಪ್ರತಿ ಕಾಗದದ ಮೇಲೂ ಅಚ್ಚಾಗಲಿ, ಗ್ರಂಥಾಲಯಗಳಿಗೆ ಹೋಗಲಿ. ಮುಂದೊಂದು ದಿನ ನಮ್ಮ ಮೊಮ್ಮಗಳ ಮೊಮ್ಮಗಳು ಯಾವುದೋ ಊರಿನಲ್ಲಿ ಕುಳಿತು ಹುಡುಕಿದಾಗ ಅವಳಿಗೆ ಅಂಕಿ ಸಿಗದೆ ಹೆಸರು ಸಿಗಲಿ.

ಚಿಗವ್ವ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ‘ಹನ್ನೆರಡನೇದ್ದು ಒಂದು ನೆನಪಾತು, ಬರ್ಕೋ’ ಅಂದಳು. ಮುತ್ತಜ್ಜಿಯದಲ್ಲ, ಆಕೆ ಹೋದ ಮೇಲೆ ಆ ಐದು ವರ್ಷದ ಮಗುವನ್ನು ಸಾಕಿದ ನೆರೆಮನೆಯವಳದು. ನೋಟ್‌ಬುಕ್ಕಿನಲ್ಲಿ ಖಾಲಿ ಬಿಟ್ಟ ಸಾಲಿನ ಕೆಳಗೇ ಅದನ್ನು ಬರೆದುಕೊಂಡೆ.